ಬ್ರಾಡ್‌ಬ್ಯಾಂಡ್ ಯೋಜನೆ: ವಾಷಿಂಗ್ಟನ್, ಅಟ್ಲಾಂಟ ಮತ್ತು ಕ್ಯಾರೊಲಿನ ಪ್ರಾಂತಗಳಲ್ಲಿ

ಬ್ರಾಡ್‌ಬ್ಯಾಂಡ್ ಯೋಜನೆ ಎಂದರೆ, ಒಂದು ಪ್ರಾಂತದ ಮನೆ, ಶಾಲೆ, ಆಸ್ಪತ್ರೆ, ಗ್ರಂಥಾಲಯ, ಕಾರ್ಖಾನೆ, ಕೃಷಿಕ್ಷೇತ್ರಗಳಿಗೆಲ್ಲ ಅತಿವೇಗದ ಅಂತರಜಾಲ ಸಂಪರ್ಕವನ್ನು ಜನರು ತೆರಬಲ್ಲ ಬೆಲೆಯಲ್ಲಿ ಒದಗಿಸಿ, ಆ ಸಂಪರ್ಕದ ಆಧಾರದ ಮೇಲೆ ವಿದ್ಯೆ, ಆರೋಗ್ಯ, ಉದ್ಯೋಗ, ವಾಣಿಜ್ಯಗಳನ್ನು ಬೆಳಸುವುದಕ್ಕಾಗಿ ಸರ್ಕಾರಗಳೂ ಸಹಕಾರ ಸಂಘಗಳೂ ವಿಶ್ವವಿದ್ಯಾನಿಲಯಗಳೂ ಖಾಸಗಿ ಕಂಪನಿಗಳೂ ಕೂಡಿಯೋ ಬೇರೆಬೇರೆಯಾಗಿಯೋ ನಡಸುವ ಪೂರ್ವಾಲೋಚಿತ ಪ್ರಯತ್ನ. ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಈ ಪ್ರಯತ್ನದ ಗುಣದೋಷಗಳೆರಡನ್ನೂ ಒಟ್ಟಿಗೆ ಕಾಣಬೇಕಾದರೆ ರಾಜಧಾನಿ ವಾಷಿಂಗ್ಟನ್ನಿನ ಸುತ್ತಣ ಮೇರಿಲ್ಯಾಂಡ್, ವರ್ಜಿನಿಯ ಪ್ರದೇಶಗಳನ್ನೂ, ಅಟ್ಲಾಂಟ ನಗರವನ್ನು ಕೇಂದ್ರವಾಗಿ ಉಳ್ಳ ಜಾರ್ಜಿಯವನ್ನೂ, ಉತ್ತರ ಮತ್ತು ದಕ್ಷಿಣ ಕ್ಯಾರೊಲಿನ ರಾಜ್ಯಗಳನ್ನೂ ನೋಡಬೇಕು. ಏಕೆಂದರೆ ಜಗತ್ತಿನ ಅಂತರಜಾಲದ ಅತಿ ದಟ್ಟವಾದ ಸಂಧಿಸ್ಥಾನಗಳೂ, ತೀರ ಇತ್ತೀಚಿನವರೆಗೂ ಸಂಪರ್ಕವನ್ನೇ ಕಾಣದಿದ್ದ ಒಕ್ಕಲುಮನೆಗಳೂ ಇಲ್ಲಿ ಕೆಲವೆಡೆ ಒಂದೇ ಕೌಂಟಿಯ ಎಲ್ಲೆಯೊಳಗೆ ಇವೆ.

ಈ ವಿಷಯವನ್ನು ಕುರಿತ ಚರ್ಚೆಯಲ್ಲಿ ಮೂರು ಹಂತಗಳನ್ನು ಗುರುತಿಸುವುದು ವಾಡಿಕೆ. ಮಹಾನಗರಗಳ ನಡುವೆ ಹಾಯುವ ದೂರದ ತಂತುಗಳು ಬೆನ್ನೆಲುಬು. ಅಲ್ಲಿಂದ ಪಟ್ಟಣಗಳವರೆಗೆ ಬರುವುದು ನಡುಹಾದಿ. ಪಟ್ಟಣದಿಂದ ಮನೆಯ ಗೋಡೆಯನ್ನು ಮುಟ್ಟುವುದು ಕೊನೆಯ ಮೈಲಿ. ಅಣೆಕಟ್ಟಿನಿಂದ ಹೊರಟ ದೊಡ್ಡ ನಾಲೆ ತುಂಬಿ ಹರಿಯುತ್ತಿದ್ದರೂ ಹೊಲಗಾಲುವೆ ಆಗದಿದ್ದರೆ ಕೊನೆಯಂಚಿನ ರೈತನ ಗದ್ದೆ ಹೇಗೆ ಒಣಗುವುದೋ ಹಾಗೆಯೇ, ಬೆನ್ನೆಲುಬು ಬಲವಾಗಿದ್ದ ಮಾತ್ರಕ್ಕೆ ಮನೆಗೆ ಸಂಪರ್ಕ ಬಾರದು. ಆ ಕೊನೆಯ ಅಂತರವನ್ನು ಯಾರು ಕ್ರಮಿಸಬೇಕು, ಯಾರ ಹಣದಿಂದ, ಯಾರ ಒಡೆತನದಲ್ಲಿ ಎಂಬ ಪ್ರಶ್ನೆಗಳ ಸುತ್ತಲೇ ಈ ಪ್ರಾಂತಗಳ ಕಳೆದ ಕಾಲು ಶತಮಾನದ ಬ್ರಾಡ್‌ಬ್ಯಾಂಡ್ ಚರಿತ್ರೆಯು ಸುತ್ತಿಕೊಂಡಿದೆ.

ಪೂರ್ವೇತಿಹಾಸ

ಈ ಪ್ರಶ್ನೆಗಳು ಅಂತರಜಾಲದೊಡನೆ ಹುಟ್ಟಿದುವಲ್ಲ. 1930ರ ದಶಕದ ನಡುಭಾಗದಲ್ಲಿ ಅಮೆರಿಕದ ಒಕ್ಕಲುಮನೆಗಳಲ್ಲಿ ಹತ್ತಕ್ಕೆ ಒಂದರಲ್ಲಿ ಮಾತ್ರ ವಿದ್ಯುದ್ದೀಪವಿತ್ತು. ಮನೆಗಳು ವಿರಳವಾದ ಹಳ್ಳಿಗಾಡಿಗೆ ತಂತಿ ಎಳೆದರೆ ಗಿಟ್ಟದೆಂದು ಖಾಸಗಿ ಕಂಪನಿಗಳು ಹಿಂಜರಿದಿದ್ದುವು. ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ 1935ರಲ್ಲಿ ಗ್ರಾಮೀಣ ವಿದ್ಯುದೀಕರಣ ಆಡಳಿತವನ್ನು ಸ್ಥಾಪಿಸಿದರು. ಮರುವರ್ಷ ಅದಕ್ಕೆ ಶಾಸನದ ಬಲ ಬಂದಿತು. ಜಾರ್ಜಿಯದ ವಾರ್ಮ್ ಸ್ಪ್ರಿಂಗ್ಸ್‌ನಲ್ಲಿದ್ದ ತಮ್ಮ ಪುಟ್ಟ ಮನೆಗೆ ಬಂದ ದುಬಾರಿ ವಿದ್ಯುತ್ ಬಿಲ್ಲೇ ಈ ಆಲೋಚನೆಯ ಮೂಲವೆಂದು ಅವರು 1938ರಲ್ಲಿ ಅದೇ ರಾಜ್ಯದ ಬಾರ್ನ್ಸ್‌ವಿಲ್‌ನಲ್ಲಿ ಮಾಡಿದ ಭಾಷಣದಲ್ಲಿ ಹೇಳಿಕೊಂಡರು. ಸರ್ಕಾರವು ಅಲ್ಪ ಬಡ್ಡಿಗೆ ಸಾಲ ಕೊಡುವುದು, ರೈತರು ಸಹಕಾರ ಸಂಘ ಕಟ್ಟಿಕೊಂಡು ತಾವೇ ಕಂಬ ನೆಟ್ಟು ತಂತಿ ಎಳೆಯುವುದು ಎಂಬ ಈ ಕ್ರಮವನ್ನು 1949ರಲ್ಲಿ ದೂರವಾಣಿಗೂ ವಿಸ್ತರಿಸಲಾಯಿತು. ಅಂದು ಹುಟ್ಟಿದ ವಿದ್ಯುತ್ ಮತ್ತು ದೂರವಾಣಿ ಸಹಕಾರ ಸಂಘಗಳೇ ಎಪ್ಪತ್ತು ವರ್ಷಗಳ ತರುವಾಯ ಹಳ್ಳಿಗಳಿಗೆ ಆಪ್ಟಿಕಲ್ ಫೈಬರನ್ನು ಒಯ್ದುವೆಂಬುದು ಗಮನಾರ್ಹ.

1996ರ ದೂರಸಂಪರ್ಕ ಶಾಸನವು ಮಾರ್ಗವನ್ನು ಬದಲಿಸಿತು. ಸಾರ್ವತ್ರಿಕ ಸೇವೆಯೆಂಬ ಹಳೆಯ ತತ್ತ್ವವನ್ನು ಉಳಿಸಿಕೊಂಡು, ಶಾಲೆಗಳಿಗೂ ಗ್ರಂಥಾಲಯಗಳಿಗೂ ರಿಯಾಯಿತಿ ದರದ ಸಂಪರ್ಕಕ್ಕೆ ದಾರಿ ಮಾಡಿಕೊಟ್ಟಿತಾದರೂ, ಜಾಲವನ್ನು ಹಬ್ಬಿಸುವ ಭಾರವನ್ನು ಅದು ಮುಖ್ಯವಾಗಿ ಮಾರುಕಟ್ಟೆಯ ಸ್ಪರ್ಧೆಗೆ ವಹಿಸಿತು. ದಟ್ಟವಾಗಿ ಜನವಿದ್ದ ಕಡೆ ಸ್ಪರ್ಧೆ ಬಂದಿತು. ವಿರಳವಾದ ಕಡೆ ಬರಲಿಲ್ಲ. ಇಂಥ ಅಂತರಗಳನ್ನು ತುಂಬುವುದಕ್ಕಾಗಿಯೇ ಯೋಜನೆ ಬೇಕಾಯಿತು.

ವಾಷಿಂಗ್ಟನ್ ಪರಿಸರ

ದೂರಸಂಪರ್ಕದ ನಿಯಂತ್ರಣಾಧಿಕಾರವುಳ್ಳ ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್ನೂ (ಎಫ್‌ಸಿಸಿ), ಅನುದಾನವನ್ನು ಹಂಚುವ ವಾಣಿಜ್ಯ ಇಲಾಖೆಯ ಎನ್‌ಟಿಐಎ ಸಂಸ್ಥೆಯೂ ವಾಷಿಂಗ್ಟನ್ನಿನಲ್ಲಿವೆ. ಆದರೆ ಈ ಪರಿಸರದ ಪ್ರಾಧಾನ್ಯಕ್ಕೆ ಅದೊಂದೇ ಕಾರಣವಲ್ಲ. ರಕ್ಷಣಾ ಇಲಾಖೆಯ ಸಾಮೀಪ್ಯದಿಂದ ಉತ್ತರ ವರ್ಜಿನಿಯದಲ್ಲಿ ಬೆಳೆದ ಗಣಕ ಪರಿಣತಿಯ ನೆಲೆಯ ಮೇಲೆ ಯುಯುನೆಟ್, ಪಿಎಸ್‌ಐನೆಟ್, ಅಮೆರಿಕ ಆನ್‌ಲೈನ್ ಮೊದಲಾದ ಆದ್ಯ ಸಂಸ್ಥೆಗಳು ಎದ್ದುವು. 1992ರಲ್ಲಿ ಅಲ್ಲಿ ಏರ್ಪಟ್ಟ ಮೇ-ಈಸ್ಟ್ ಎಂಬ ವಿನಿಮಯ ಕೇಂದ್ರವು ಬೇರೆಬೇರೆ ಕಂಪನಿಗಳ ಜಾಲಗಳು ಪರಸ್ಪರ ಸಂಧಿಸುವ ದೇಶದ ಪ್ರಮುಖ ತಾಣವಾಗಿ, ಟೈಸನ್ಸ್ ಕಾರ್ನರ್‌ನ ಒಂದು ವಾಹನ ನಿಲುಗಡೆ ಕಟ್ಟಡದ ಕೋಣೆಯಿಂದ ಕೆಲಸ ಮಾಡುತ್ತಿತ್ತು. 1990ರ ದಶಕದ ಕೊನೆಯಲ್ಲಿ ಈಕ್ವಿನಿಕ್ಸ್ ಕಂಪನಿಯು ಲೌಡನ್ ಕೌಂಟಿಯ ಆ್ಯಶ್‌ಬರ್ನ್‌ನಲ್ಲಿ ತನ್ನ ವಿನಿಮಯ ಕೇಂದ್ರವನ್ನು ತೆರೆದ ಮೇಲೆ ಜಾಲಗಳ ಸಂಧಿಸ್ಥಾನವು ಕ್ರಮೇಣ ಅಲ್ಲಿಗೆ ಸರಿಯಿತು. ಇಂದು ಆ ಪ್ರದೇಶವು ಜಗತ್ತಿನಲ್ಲಿಯೇ ಅತಿ ದೊಡ್ಡ ದತ್ತಾಂಶ ಕೇಂದ್ರಗಳ ಸಮೂಹ.

ಆದರೆ ಅದೇ ಲೌಡನ್ ಕೌಂಟಿಯ ಪಶ್ಚಿಮಾರ್ಧದಲ್ಲಿ, ಕುದುರೆಲಾಯಗಳೂ ದ್ರಾಕ್ಷಿತೋಟಗಳೂ ಹರಡಿರುವ ಬೆಟ್ಟದ ತಪ್ಪಲಿನಲ್ಲಿ, ಸಾವಿರಾರು ಮನೆಗಳು 2020ರ ದಶಕದ ಆರಂಭದವರೆಗೂ ಸಮರ್ಪಕವಾದ ಸಂಪರ್ಕವಿಲ್ಲದೆ ಇದ್ದುವು. ಅವುಗಳಿಗಾಗಿ ಕೌಂಟಿಯು ರಾಜ್ಯದ ವರ್ಜಿನಿಯ ದೂರಸಂಪರ್ಕ ಉಪಕ್ರಮದ ಅನುದಾನವನ್ನು ಬೇಡಬೇಕಾಯಿತು. ತಂತು ಹಾದುಹೋಗುವ ಸ್ಥಳಕ್ಕೂ ಅದು ನಿಂತು ಸೇವೆ ಮಾಡುವ ಸ್ಥಳಕ್ಕೂ ಇರುವ ಭೇದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ದೊರಕುವುದು ಕಷ್ಟ.

ರಾಜಧಾನಿಯ ಪರಿಸರದಲ್ಲಿ ಸಾರ್ವಜನಿಕ ಒಡೆತನದ ಜಾಲಗಳಿಗೂ ಒಳ್ಳೆಯ ಚರಿತ್ರೆಯಿದೆ. ಮೇರಿಲ್ಯಾಂಡಿನ ಮಾಂಟ್‌ಗೊಮರಿ ಕೌಂಟಿಯು 1990ರ ದಶಕದಿಂದಲೂ ತನ್ನ ಕಚೇರಿ ಶಾಲೆಗಳಿಗಾಗಿ ಫೈಬರ್‌ನೆಟ್ ಎಂಬ ಸ್ವಂತ ಜಾಲವನ್ನು ಕಟ್ಟಿಕೊಂಡಿತು. ವಾಷಿಂಗ್ಟನ್ ನಗರಾಡಳಿತದ ಡಿಸಿ-ನೆಟ್, 2010ರಲ್ಲಿ ದೊರೆತ 1.74 ಕೋಟಿ ಡಾಲರ್ ಕೇಂದ್ರಾನುದಾನದಿಂದ ನಗರದ ಹಿಂದುಳಿದ ವಾರ್ಡುಗಳ ಕಡೆಗೆ ತನ್ನ ಶಾಖೆಗಳನ್ನು ಚಾಚಿತು. ಅದೇ ವರ್ಷ ಮಂಜೂರಾದ ಒನ್ ಮೇರಿಲ್ಯಾಂಡ್ ಜಾಲವು, 11.5 ಕೋಟಿ ಡಾಲರ್ ಅನುದಾನದಿಂದ, ರಾಜ್ಯದಾದ್ಯಂತ ಸುಮಾರು ಸಾವಿರ ಶಾಲೆ, ಗ್ರಂಥಾಲಯ, ಪೊಲೀಸು ಠಾಣೆ ಮುಂತಾದ ಸಾರ್ವಜನಿಕ ಸಂಸ್ಥೆಗಳನ್ನು ಜೋಡಿಸಿತು. ಈ ಜಾಲಗಳು ಸಂಸ್ಥೆಗಳನ್ನು ಕೂಡಿಸಿದುವೇ ಹೊರತು ಮನೆಗಳನ್ನಲ್ಲ. ಮನೆಯ ಚಂದಾದಾರನನ್ನು ಖಾಸಗಿ ಕಂಪನಿಗಳಿಗೆ ಬಿಟ್ಟುಕೊಡುವುದೇ ಆಗಿನ ಸಾಮಾನ್ಯ ನೀತಿಯಾಗಿತ್ತು.

ಅಟ್ಲಾಂಟ ಮತ್ತು ಜಾರ್ಜಿಯ

ರೈಲುಮಾರ್ಗಗಳ ಕೂಡುಗಟ್ಟಿನಲ್ಲಿ ಹುಟ್ಟಿ, ವಿಮಾನಯಾನದ ಕೇಂದ್ರವಾಗಿ ಬೆಳೆದ ಅಟ್ಲಾಂಟವು ಆಗ್ನೇಯ ಭಾಗದ ದೂರಸಂಪರ್ಕಕ್ಕೂ ಸಹಜವಾಗಿ ಕೇಂದ್ರವಾಯಿತು. 2006ರ ಕೊನೆಯಲ್ಲಿ ಎಟಿ ಆ್ಯಂಡ್ ಟಿಯೊಳಗೆ ಲೀನವಾದ ಬೆಲ್‌ಸೌತ್ ಕಂಪನಿಯ ಕೇಂದ್ರಸ್ಥಾನವೂ, 1994ರಲ್ಲಿ ಸ್ಥಾಪಿತವಾದ ಮೈಂಡ್‌ಸ್ಪ್ರಿಂಗ್ ಎಂಬ ಆದ್ಯ ಅಂತರಜಾಲ ಸೇವಾಸಂಸ್ಥೆಯೂ ಇಲ್ಲಿದ್ದುವು. ಮರಿಯಟ ಬೀದಿಯ 56ನೆಯ ಸಂಖ್ಯೆಯ ಕಟ್ಟಡವು ಇಂದಿಗೂ ಈ ಭಾಗದ ಜಾಲಗಳ ಮುಖ್ಯ ಸಂಧಿಸ್ಥಾನ. 1947ರಲ್ಲಿಯೇ ಹಲವು ಕೌಂಟಿಗಳಿಗೆ ಅನ್ವಯಿಸುವ ಸಾರ್ವಜನಿಕ ಯೋಜನಾ ಮಂಡಲಿಯನ್ನು ಸ್ಥಾಪಿಸಿಕೊಂಡು ಈ ವಿಷಯದಲ್ಲಿ ದೇಶಕ್ಕೆ ಮೊದಲನೆಯದಾದ ನಗರಪ್ರದೇಶವೂ ಇದೇ. ಆದರೂ ರಸ್ತೆ, ನೀರು, ಭೂಬಳಕೆಗಳನ್ನು ಕುರಿತು ದೀರ್ಘಾಲೋಚನೆ ಮಾಡುತ್ತಿದ್ದ ಇಂಥ ಮಂಡಲಿಗಳ ಕಾರ್ಯಕ್ಷೇತ್ರದೊಳಕ್ಕೆ ಅಂತರಜಾಲವು ಬಹುಕಾಲ ಬರಲಿಲ್ಲ. ಅದನ್ನು ಕಂಪನಿಗಳ ವ್ಯವಹಾರವೆಂದೇ ಎಣಿಸಲಾಗಿತ್ತು.

ಭಿನ್ನವಾಗಿ ಯೋಚಿಸಿದ್ದು ಸಣ್ಣ ಊರು. ಅಟ್ಲಾಂಟದ ನೈಋತ್ಯಕ್ಕಿರುವ ಲಗ್ರೇಂಜ್ ಎಂಬ ಗಿರಣಿ ಪಟ್ಟಣವು 2000ದಲ್ಲಿ ತನ್ನ ನಿವಾಸಿಗಳಿಗೆಲ್ಲ ದೂರದರ್ಶನದ ಕೇಬಲ್ಲಿನ ಮೂಲಕ ಉಚಿತವಾಗಿ ಅಂತರಜಾಲವನ್ನು ಒದಗಿಸುವುದಾಗಿ ಸಾರಿ, ಆ ವರ್ಷದ ‘ಬುದ್ಧಿವಂತ ಸಮುದಾಯ’ ಎಂಬ ಅಂತರರಾಷ್ಟ್ರೀಯ ಪುರಸ್ಕಾರಕ್ಕೆ ಪಾತ್ರವಾಯಿತು. ಆದರೆ ಉಚಿತವಾಗಿದ್ದರೂ ಎಲ್ಲ ಮನೆಗಳೂ ಅದನ್ನು ಪಡೆಯಲಿಲ್ಲ. ಸಂಪರ್ಕವಿರುವುದು ಒಂದು, ಅದನ್ನು ಬಳಸಲು ಬೇಕಾದ ಅಭ್ಯಾಸ, ಶಿಕ್ಷಣ, ಪ್ರಯೋಜನದ ಅರಿವು ಇರುವುದು ಮತ್ತೊಂದು ಎಂಬ ವಿವೇಕವು ಯೋಜಕರಿಗೆ ಲಗ್ರೇಂಜಿನಿಂದ ಲಭಿಸಿತು.

ಉತ್ತರ ಜಾರ್ಜಿಯದ ಗುಡ್ಡಗಾಡಿನಲ್ಲಿ ಹ್ಯಾಬರ್‌ಷಾಮ್ ಮತ್ತು ಬ್ಲೂ ರಿಜ್ ಮೌಂಟನ್ ಎಂಬ ಎರಡು ವಿದ್ಯುತ್ ಸಹಕಾರ ಸಂಘಗಳು ಸ್ಥಳೀಯ ಅಭಿವೃದ್ಧಿ ಮಂಡಲಿಗಳೊಡನೆ ಕೂಡಿ ನಾರ್ತ್ ಜಾರ್ಜಿಯ ನೆಟ್‌ವರ್ಕನ್ನು ಕಟ್ಟಿದುವು. 2009ರ ಡಿಸೆಂಬರಿನಲ್ಲಿ ಉಪಾಧ್ಯಕ್ಷ ಜೋ ಬೈಡನ್ ಡಾಸನ್‌ವಿಲ್‌ನ ಒಂದು ಕಾರ್ಖಾನೆಗೆ ಬಂದು ಆ ವರ್ಷದ ಆರ್ಥಿಕ ಚೇತರಿಕೆಯ ಕಾಯಿದೆಯ ಮೊದಲ ಬ್ರಾಡ್‌ಬ್ಯಾಂಡ್ ಅನುದಾನಗಳನ್ನು ಘೋಷಿಸಿದರು. ಅವುಗಳಲ್ಲಿ ಈ ಜಾಲಕ್ಕೆ ದೊರೆತದ್ದು ಸುಮಾರು 3.35 ಕೋಟಿ ಡಾಲರ್. ತರುವಾಯ ರಾಜ್ಯವು 2018ರಲ್ಲಿ ‘ಏಸ್’ ಎಂಬ ಹೆಸರಿನಿಂದ ಪ್ರಸಿದ್ಧವಾದ ಶಾಸನವನ್ನು ಮಾಡಿ, ಸಂಪರ್ಕಕ್ಕೆ ಸಿದ್ಧವಾದ ಊರುಗಳಿಗೆ ಮಾನ್ಯತೆ ಕೊಡುವ ಕ್ರಮವನ್ನೂ ನಿಖರವಾದ ನಕ್ಷೆಯೊಂದನ್ನು ರಚಿಸುವ ಕಾರ್ಯವನ್ನೂ ಆರಂಭಿಸಿತು. 2019ರ ಶಾಸನವು ವಿದ್ಯುತ್ ಸಹಕಾರ ಸಂಘಗಳಿಗೆ ಅಂತರಜಾಲ ಸೇವೆಯನ್ನು ಮಾರುವ ಅಧಿಕಾರವನ್ನು ಸ್ಪಷ್ಟವಾಗಿ ಕೊಟ್ಟಿತು.

ಜಾರ್ಜಿಯದ ನಕ್ಷೆಗೆ ರಾಷ್ಟ್ರೀಯ ಮಹತ್ತ್ವವುಂಟು. ಅದುವರೆಗೆ ಎಫ್‌ಸಿಸಿಯು ಕಂಪನಿಗಳ ವರದಿಗಳನ್ನು ಆಧರಿಸಿ, ಒಂದು ಜನಗಣತಿ ಘಟಕದಲ್ಲಿ ಒಂದೇ ಒಂದು ಮನೆಗೆ ಸೇವೆ ಒದಗುವಂತಿದ್ದರೂ ಆ ಘಟಕವೆಲ್ಲ ಸೇವೆ ಪಡೆದದ್ದೆಂದೇ ಲೆಕ್ಕ ಹಿಡಿಯುತ್ತಿತ್ತು. ಮನೆ ಮನೆಯನ್ನೂ ಬಿಡಿಯಾಗಿ ಗುರುತಿಸಿ ಜಾರ್ಜಿಯವು 2020ರಲ್ಲಿ ಪ್ರಕಟಿಸಿದ ನಕ್ಷೆಯಲ್ಲಿ ಐದು ಲಕ್ಷಕ್ಕೂ ಮಿಕ್ಕ ಮನೆ ಅಂಗಡಿಗಳು ಸಂಪರ್ಕರಹಿತವೆಂದು ಕಂಡುಬಂದುವು. ಕೇಂದ್ರದ ಎಫ್‌ಸಿಸಿಯು ಇದೇ ರೀತಿಯ ಬಿಡಿ ಸ್ಥಳಗಳ ನಕ್ಷೆಯನ್ನು ಹೊರತಂದದ್ದು 2022ರ ನವೆಂಬರಿನಲ್ಲಿ.

ಉತ್ತರ ಕ್ಯಾರೊಲಿನ

ಈ ನಾಲ್ಕು ಪ್ರದೇಶಗಳಲ್ಲಿ ಅತ್ಯಂತ ದೀರ್ಘವೂ ಕ್ರಮಬದ್ಧವೂ ಆದ ಯೋಜನೆಯನ್ನು ಕಂಡದ್ದು ಉತ್ತರ ಕ್ಯಾರೊಲಿನ. ತಂಬಾಕು, ಜವಳಿ, ಪೀಠೋಪಕರಣಗಳೆಂಬ ಮೂರು ಹಳೆಯ ಉದ್ಯಮಗಳ ಭವಿಷ್ಯವು ಕ್ಷೀಣವೆಂದು ಮುಂಗಂಡು ಅದು 1959ರಲ್ಲಿ ರ‍್ಯಾಲಿ, ಡರ್ಹಮ್, ಚಾಪೆಲ್ ಹಿಲ್ ನಗರಗಳ ನಡುವೆ ಸಂಶೋಧನಾ ತ್ರಿಕೋಣ ಉದ್ಯಾನವನ್ನೂ, 1980ರಲ್ಲಿ ಎಂಸಿಎನ್‌ಸಿ ಎಂಬ ಸೂಕ್ಷ್ಮ ಇಲೆಕ್ಟ್ರಾನಿಕ್ಸ್ ಕೇಂದ್ರವನ್ನೂ ಸ್ಥಾಪಿಸಿತು. ವಿಶ್ವವಿದ್ಯಾನಿಲಯಗಳನ್ನು ಜೋಡಿಸಲೆಂದು 1980ರ ದಶಕದಲ್ಲಿ ಎಂಸಿಎನ್‌ಸಿ ಆರಂಭಿಸಿದ ಜಾಲವೇ ಮುಂದೆ ರಾಜ್ಯದ ಶಾಲೆ ಕಾಲೇಜುಗಳಿಗೆಲ್ಲ ಆಧಾರವಾಯಿತು. 2000ದಲ್ಲಿ ರಾಜ್ಯ ಶಾಸನಸಭೆಯು ಗ್ರಾಮೀಣ ಅಂತರಜಾಲ ಪ್ರಾಧಿಕಾರವೊಂದನ್ನು ರಚಿಸಿತು. ಅದಕ್ಕೆ 3 ಕೋಟಿ ಡಾಲರನ್ನು ಎಂಸಿಎನ್‌ಸಿ ಒದಗಿಸಿತು. ಅದರ ಉತ್ತರಾಧಿಕಾರಿಯಾದ ಇ-ಎನ್‌ಸಿ ಪ್ರಾಧಿಕಾರವು ತಂತಿಯೊಡನೆ ತರಬೇತಿ ಕೇಂದ್ರಗಳನ್ನೂ ಸಣ್ಣ ಉದ್ಯಮಿಗಳ ಆಶ್ರಯಕೇಂದ್ರಗಳನ್ನೂ ಹಳ್ಳಿಗಾಡಿಗೆ ಕೊಂಡೊಯ್ಯಿತು. ಪಶ್ಚಿಮದ ಬೆಟ್ಟಸೀಮೆಯಲ್ಲಿ ಚೆರೊಕೀ ಜನರ ಪೂರ್ವ ಶಾಖೆಯು ಸ್ಥಳೀಯ ಉದ್ಯಮವೊಂದರೊಡನೆ ಕೂಡಿ 2003ರಲ್ಲಿ ಬಾಲ್ಸಮ್‌ವೆಸ್ಟ್ ಎಂಬ ಜಾಲವನ್ನು ಕಟ್ಟಿತು. ತಂಬಾಕು ಕಂಪನಿಗಳಿಂದ ವ್ಯಾಜ್ಯದ ರಾಜಿಯಲ್ಲಿ ಬಂದ ಹಣದಿಂದ 1999ರಲ್ಲಿ ಹುಟ್ಟಿದ ಗೋಲ್ಡನ್ ಲೀಫ್ ಪ್ರತಿಷ್ಠಾನದ ನೆರವೂ ಕೇಂದ್ರದ ಅನುದಾನವೂ ಸೇರಿ 14.4 ಕೋಟಿ ಡಾಲರ್ ವೆಚ್ಚದಲ್ಲಿ 2010ರಿಂದ 2013ರವರೆಗೆ ಎಂಸಿಎನ್‌ಸಿಯು ನಡುಹಾದಿಯನ್ನು ವಿಸ್ತರಿಸಿತು.

ಕೊನೆಯ ಮೈಲಿಯ ವಿವಾದವು ಉಗ್ರರೂಪ ತಾಳಿದ್ದೂ ಇಲ್ಲಿಯೇ. ಒಂದು ಕಾಲಕ್ಕೆ ತಂಬಾಕಿನ ಹರಾಜಿಗೆ ಜಗತ್ಪ್ರಸಿದ್ಧವಾಗಿದ್ದ ವಿಲ್ಸನ್ ನಗರವು, ಖಾಸಗಿ ಕಂಪನಿಗಳು ತನ್ನೊಡನೆ ಸೇರಿ ಫೈಬರ್ ಹಾಕಲು ಒಪ್ಪದಿದ್ದಾಗ, ತನ್ನ ವಿದ್ಯುತ್ ಇಲಾಖೆಯ ಅನುಭವವನ್ನು ನೆಚ್ಚಿ 2008ರಲ್ಲಿ ಗ್ರೀನ್‌ಲೈಟ್ ಎಂಬ ಪುರಸಭೆಯ ಜಾಲವನ್ನು ತೆರೆಯಿತು. ಸಾರ್ವಜನಿಕ ಹಣದಿಂದ ನಡೆಯುವ ಸಂಸ್ಥೆಯೊಡನೆ ಸ್ಪರ್ಧಿಸುವುದು ಅನ್ಯಾಯವೆಂದು ಕೇಬಲ್ ಕಂಪನಿಗಳು ವಾದಿಸಿದುವು. 2011ರಲ್ಲಿ ಶಾಸನಸಭೆಯು ಪುರಸಭೆಗಳ ಜಾಲಗಳಿಗೆ ಬಿಗಿಯಾದ ಕಟ್ಟುಗಳನ್ನು ವಿಧಿಸಿತು. ರಾಜ್ಯಪಾಲೆ ಬೆವರ್ಲಿ ಪರ್ಡ್ಯೂ ಸಹಿ ಹಾಕದಿದ್ದರೂ ಅದು ಕಾಯಿದೆಯಾಯಿತು. ವಿಲ್ಸನ್ನಿನ ಅರ್ಜಿಯ ಮೇಲೆ ಎಫ್‌ಸಿಸಿಯು 2015ರ ಫೆಬ್ರವರಿ 26ರಂದು ಆ ಕಟ್ಟುಗಳನ್ನು ತೊಡೆದುಹಾಕಿತಾದರೂ, ರಾಜ್ಯಕ್ಕೂ ಅದರ ಪುರಸಭೆಗಳಿಗೂ ಇರುವ ಸಂಬಂಧದಲ್ಲಿ ಪ್ರವೇಶಿಸುವ ಅಧಿಕಾರ ಎಫ್‌ಸಿಸಿಗಿಲ್ಲವೆಂದು ಆರನೆಯ ವಲಯದ ಮೇಲ್ಮನವಿ ನ್ಯಾಯಾಲಯವು 2016ರ ಆಗಸ್ಟ್ 10ರಂದು ತೀರ್ಪಿತ್ತಿತು. ಈ ನಡುವೆ ಗ್ರೀನ್‌ಲೈಟಿನ ಸಂಪರ್ಕ ಪಡೆದಿದ್ದ ನೆರೆಯ ಪೈನ್‌ಟಾಪ್ಸ್ ಎಂಬ ಪುಟ್ಟ ಊರು ಬಂದ ಸೇವೆಯನ್ನು ಕಳೆದುಕೊಳ್ಳುವ ಸ್ಥಿತಿಗೆ ಬಂದಿತು. ಖಾಸಗಿ ಕಂಪನಿಯೊಂದು ಅಲ್ಲಿಗೆ ಫೈಬರ್ ತರುವವರೆಗೆ ಮಾತ್ರ ವಿಲ್ಸನ್ ಅಲ್ಲಿ ಸೇವೆ ಸಲ್ಲಿಸಬಹುದೆಂದು 2017ರಲ್ಲಿ ವಿಶೇಷ ಶಾಸನ ಮಾಡಬೇಕಾಯಿತು.

ಪುರಸಭೆಯ ಒಡೆತನವೆಲ್ಲವೂ ಸಫಲವಾಯಿತೆನ್ನುವಂತಿಲ್ಲ. 2010ರಲ್ಲಿ ಫೈಬ್ರಂಟ್ ಎಂಬ ಜಾಲವನ್ನು ತೆರೆದ ಸಾಲಿಸ್‌ಬರಿ ನಗರವು ಅದರ ಸಾಲದ ಭಾರವನ್ನು ಹೊರಲಾರದೆ, ಮತದಾರರ ಒಪ್ಪಿಗೆ ಪಡೆದು 2018ರಲ್ಲಿ ಅದನ್ನು ಖಾಸಗಿ ಕಂಪನಿಗೆ ಗುತ್ತಿಗೆ ಕೊಟ್ಟಿತು. ಈ ಎರಡು ಅತಿಗಳ ನಡುವೆ ಹಾಲಿ ಸ್ಪ್ರಿಂಗ್ಸ್ ಪಟ್ಟಣವು ಮಧ್ಯಮಾರ್ಗ ಹಿಡಿದು, ತಂತುವನ್ನು ತಾನು ಹಾಕಿ ಸೇವೆಯನ್ನು ಬೇರೊಂದು ಕಂಪನಿಯಿಂದ ನಡೆಸಿತು. ರಾಜ್ಯ ಸರ್ಕಾರವು 2018ರಿಂದ ‘ಗ್ರೇಟ್’ ಎಂಬ ಅನುದಾನ ಯೋಜನೆಯನ್ನು ನಡೆಸುತ್ತ, ತನ್ನ 100 ಕೌಂಟಿಗಳಲ್ಲಿ ಆರ್ಥಿಕವಾಗಿ ಹಿಂದುಳಿದುವಕ್ಕೆ ಪ್ರಾಶಸ್ತ್ಯ ಕೊಟ್ಟು, ಖಾಸಗಿ ಕಂಪನಿಗಳಿಗೂ ಸಹಕಾರ ಸಂಘಗಳಿಗೂ ನಿರ್ಮಾಣದ ಹಣವನ್ನು ಹಂಚುತ್ತಿದೆ.

ದಕ್ಷಿಣ ಕ್ಯಾರೊಲಿನ

ದಕ್ಷಿಣ ಕ್ಯಾರೊಲಿನದಲ್ಲಿ ಸರ್ಕಾರದ ಹೆಜ್ಜೆ ಸಾವಕಾಶವಾಗಿತ್ತು. 2009ರಲ್ಲಿ ರಾಜ್ಯವು ತನ್ನ ಶೈಕ್ಷಣಿಕ ದೂರದರ್ಶನಕ್ಕೆ ಮೀಸಲಾಗಿದ್ದ ತರಂಗಾಂತರಗಳನ್ನು ಮೂವತ್ತು ವರ್ಷಗಳ ಅವಧಿಗೆ ಸುಮಾರು 14.2 ಕೋಟಿ ಡಾಲರಿಗೆ ಖಾಸಗಿ ಕಂಪನಿಗಳಿಗೆ ಗುತ್ತಿಗೆ ಕೊಟ್ಟಿತು. ವಾಯವ್ಯ ಮೂಲೆಯ ಒಕೋನಿ ಕೌಂಟಿಯು 2010ರಲ್ಲಿ 96 ಲಕ್ಷ ಡಾಲರ್ ಕೇಂದ್ರಾನುದಾನ ಪಡೆದು ಸ್ವಂತ ನಡುಹಾದಿಯನ್ನು ನಿರ್ಮಿಸತೊಡಗಿತು; 2012ರಲ್ಲಿ ರಾಜ್ಯವು ಸ್ಥಳೀಯ ಸಂಸ್ಥೆಗಳ ಇಂಥ ಸಾಹಸಗಳಿಗೆ ನಿರ್ಬಂಧ ಹೇರಿತು. ಇಲ್ಲಿ ಹಳ್ಳಿಗಳನ್ನು ಕಾಯ್ದದ್ದು ಬಹುಮಟ್ಟಿಗೆ ಸಹಕಾರ ಸಂಘಗಳು: ಮರ್ಟಲ್ ಬೀಚ್ ಸೀಮೆಯ ಹೊರಿ ದೂರವಾಣಿ ಸಹಕಾರ ಸಂಘವು ದೇಶದ ಅತಿ ದೊಡ್ಡ ದೂರವಾಣಿ ಸಹಕಾರ ಸಂಘಗಳಲ್ಲಿ ಒಂದು. 2020ರ ಶಾಸನವು ವಿದ್ಯುತ್ ಸಹಕಾರ ಸಂಘಗಳಿಗೂ ಈ ಕ್ಷೇತ್ರವನ್ನು ತೆರೆಯಿತು. ಕೋವಿಡ್ ಪರಿಹಾರವಾಗಿ ಕೇಂದ್ರದಿಂದ ಬಂದ ಹಣದಲ್ಲಿ ರಾಜ್ಯವು 40 ಕೋಟಿ ಡಾಲರನ್ನು ಬ್ರಾಡ್‌ಬ್ಯಾಂಡಿಗೆ ಮುಡಿಪಾಗಿಟ್ಟಿತು.

ದತ್ತಾಂಶ ಕೇಂದ್ರಗಳು ಮತ್ತು ಉದ್ಯೋಗ

ಸಂಪರ್ಕದಿಂದ ಸಂಪತ್ತು ಹುಟ್ಟುವುದೆಂಬ ನಂಬಿಕೆಯನ್ನು ಪರೀಕ್ಷಿಸಲು ಉತ್ತರ ಕ್ಯಾರೊಲಿನದ ಪಶ್ಚಿಮ ಭಾಗವು ತಕ್ಕ ಸ್ಥಳ. ಪೀಠೋಪಕರಣ ಕಾರ್ಖಾನೆಗಳು ಮುಚ್ಚಿದ ಲೆನೋರ್‌ನಲ್ಲಿ ಗೂಗಲ್ 2007ರಲ್ಲಿ 60 ಕೋಟಿ ಡಾಲರ್ ತೊಡಗಿಸುವುದಾಗಿ ಸಾರಿತು. 2009ರಲ್ಲಿ ಆ್ಯಪಲ್ ಮೇಡನ್ನಿನಲ್ಲಿ 100 ಕೋಟಿ ಡಾಲರಿನ ಕೇಂದ್ರವನ್ನೂ, 2010ರಲ್ಲಿ ಫೇಸ್‌ಬುಕ್ ಫಾರೆಸ್ಟ್ ಸಿಟಿಯಲ್ಲಿ 45 ಕೋಟಿ ಡಾಲರಿನ ಕೇಂದ್ರವನ್ನೂ ಘೋಷಿಸಿದುವು. ಗಿರಣಿಗಳು ಬಿಟ್ಟುಹೋದ ವಿದ್ಯುತ್ ಮತ್ತು ನೀರಿನ ಸೌಕರ್ಯ, ಅಗ್ಗದ ಭೂಮಿ, ತೆರಿಗೆಯ ರಿಯಾಯಿತಿ ಇವೇ ಆಕರ್ಷಣೆಗಳು. ಆದರೆ ಆ್ಯಪಲ್‌ನಂಥ ಕೇಂದ್ರವು ವಾಗ್ದಾನ ಮಾಡಿದ ಕಾಯಂ ಕೆಲಸಗಳು 50ರ ಸುಮಾರು. ಮುಚ್ಚಿದ ಗಿರಣಿಗಳು ಸಾವಿರಾರು ಕೈಗಳಿಗೆ ಕೆಲಸ ಕೊಟ್ಟಿದ್ದುವು. ಕೌಂಟಿಯ ಬೊಕ್ಕಸಕ್ಕೆ ತೆರಿಗೆ ಬರುವುದೆಂಬುದು ನಿಜ; ಲೌಡನ್ನಿನಲ್ಲಿ ಆ ತೆರಿಗೆಯು ಮನೆಗಂದಾಯವನ್ನೇ ತಗ್ಗಿಸುವಷ್ಟಾಯಿತು. ಆದರೆ ಒಂದು ಊರಿನ ಜೀವನವನ್ನು ಬದಲಿಸುವುದು ಬೃಹತ್ ಯಂತ್ರಾಗಾರವಲ್ಲ, ಮನೆಯಿಂದಲೇ ಕೆಲಸ ಮಾಡಬಲ್ಲ ನೌಕರ, ದೂರದ ಗಿರಾಕಿಗೆ ಮಾರಬಲ್ಲ ಕಮ್ಮಾರಸಾಲೆ, ತಜ್ಞ ವೈದ್ಯನನ್ನು ಪರದೆಯ ಮೇಲೆ ಕಾಣಬಲ್ಲ ವೃದ್ಧೆ ಎಂಬ ಅರಿವು ಯೋಜಕರಲ್ಲಿ ಈಚೆಗೆ ಬಲವಾಗಿದೆ.

ಕೇಂದ್ರ ಸರ್ಕಾರದ ಅನುದಾನ

2009ರ ಆರ್ಥಿಕ ಚೇತರಿಕೆಯ ಕಾಯಿದೆಯು ಬ್ರಾಡ್‌ಬ್ಯಾಂಡಿಗೆ 720 ಕೋಟಿ ಡಾಲರನ್ನು ಇರಿಸಿತು. 2010ರ ಮಾರ್ಚಿನಲ್ಲಿ ಪ್ರಕಟವಾದ ರಾಷ್ಟ್ರೀಯ ಬ್ರಾಡ್‌ಬ್ಯಾಂಡ್ ಯೋಜನೆಯು ಹತ್ತು ವರ್ಷಗಳಲ್ಲಿ 10 ಕೋಟಿ ಮನೆಗಳಿಗೆ ಸೆಕೆಂಡಿಗೆ 100 ಮೆಗಾಬಿಟ್ ವೇಗವನ್ನು ಗುರಿಯಾಗಿ ಇಟ್ಟಿತು. ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳಲು ಬೇಕಾದ ಡೌನ್‌ಲೋಡ್ ವೇಗವೂ ಮೇಲೇರುತ್ತ ಬಂದಿತು: 1999ರಲ್ಲಿ 200 ಕಿಲೊಬಿಟ್, 2010ರಲ್ಲಿ 4 ಮೆಗಾಬಿಟ್, 2015ರಲ್ಲಿ 25, 2024ರಲ್ಲಿ 100. ಒಮ್ಮೆ ಪೂರ್ಣವಾಯಿತೆಂದು ಎಣಿಸಿದ ಯೋಜನೆಯು ಕೆಲವೇ ವರ್ಷಗಳಲ್ಲಿ ಅಪೂರ್ಣವಾಗುವುದು ಈ ಕ್ಷೇತ್ರದ ಸ್ವಭಾವ.

2021ರ ನವೆಂಬರಿನ ಮೂಲಸೌಕರ್ಯ ಶಾಸನವು ಈ ಉದ್ದೇಶಕ್ಕೆ 6,500 ಕೋಟಿ ಡಾಲರನ್ನು ನಿಗದಿಮಾಡಿತು. ಅದರಲ್ಲಿ ‘ಬೀಡ್’ ಎಂಬ 4,245 ಕೋಟಿಯ ನಿಧಿಯನ್ನು 2023ರ ಜೂನಿನಲ್ಲಿ ರಾಜ್ಯಗಳಿಗೆ ಹಂಚಿದಾಗ ಉತ್ತರ ಕ್ಯಾರೊಲಿನಕ್ಕೆ ಸುಮಾರು 153 ಕೋಟಿ, ವರ್ಜಿನಿಯಕ್ಕೆ 148 ಕೋಟಿ, ಜಾರ್ಜಿಯಕ್ಕೆ 131 ಕೋಟಿ, ದಕ್ಷಿಣ ಕ್ಯಾರೊಲಿನಕ್ಕೆ 55 ಕೋಟಿ, ಮೇರಿಲ್ಯಾಂಡಿಗೆ 27 ಕೋಟಿ, ವಾಷಿಂಗ್ಟನ್ ನಗರಕ್ಕೆ 10 ಕೋಟಿ ಡಾಲರ್ ಪಾಲಿಗೆ ಬಂದಿತು. ಬಡ ಕುಟುಂಬಗಳ ಮಾಸಿಕ ಶುಲ್ಕಕ್ಕೆ ನೆರವಾಗುತ್ತಿದ್ದ, ದೇಶದಾದ್ಯಂತ 2 ಕೋಟಿ 30 ಲಕ್ಷ ಮನೆಗಳು ಸೇರಿದ್ದ ಯೋಜನೆಯು ಹಣ ಮುಗಿದು 2024ರ ಜೂನಿನಲ್ಲಿ ನಿಂತುಹೋಯಿತು. 2025ರ ಜೂನಿನಲ್ಲಿ ಎನ್‌ಟಿಐಎಯು ಫೈಬರಿಗಿದ್ದ ಪ್ರಾಶಸ್ತ್ಯವನ್ನು ತೆಗೆದು, ಉಪಗ್ರಹ ಮತ್ತು ನಿಸ್ತಂತು ಸೇವೆಗಳಿಗೂ ಸಮಾನಾವಕಾಶ ಕೊಟ್ಟು, ರಾಜ್ಯಗಳು ಮತ್ತೊಮ್ಮೆ ಹರಾಜು ನಡಸುವಂತೆ ವಿಧಿಸಿತು.

ಕರ್ನಾಟಕದೊಡನೆ ಹೋಲಿಕೆ

ಉತ್ತರ ಕ್ಯಾರೊಲಿನದ ಕೇರಿ, ಜಾರ್ಜಿಯದ ಆಲ್ಫರೆಟ, ವರ್ಜಿನಿಯದ ಆ್ಯಶ್‌ಬರ್ನ್ ಮೊದಲಾದ ಊರುಗಳಲ್ಲಿ ನೆಲಸಿರುವ ಕನ್ನಡ ಕುಟುಂಬಗಳಿಗೆ ಸಂಪರ್ಕದ ಈ ಅಸಮತೆ ಹೊಸದಲ್ಲ. 1985ರಲ್ಲಿ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದು ಉಪಗ್ರಹ ಸಂಪರ್ಕದಿಂದ ತಂತ್ರಾಂಶ ಕಳುಹಿಸತೊಡಗಿದಂದಿನಿಂದ ಆ ನಗರವು ಜಗತ್ತಿಗೆ ಹತ್ತಿರವಾಯಿತು. ಆದರೆ ಕೋವಿಡ್ ಕಾಲದಲ್ಲಿ ಮಲೆನಾಡಿನ ಮಕ್ಕಳು ಪಾಠ ಕೇಳಲು ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಬೇಕಾಯಿತು. ಭಾರತ ಸರ್ಕಾರವು 2011ರಲ್ಲಿ ಸಮ್ಮತಿಸಿದ, ಈಗ ಭಾರತ್‌ನೆಟ್ ಎನಿಸಿಕೊಂಡಿರುವ ಯೋಜನೆಯು ಸುಮಾರು ಎರಡೂವರೆ ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಒಯ್ಯುವ ಸಂಕಲ್ಪವನ್ನು ಮಾಡಿತು. ಮೇರಿಲ್ಯಾಂಡಿನ ಜಾಲವು ಶಾಲೆಯ ಬಾಗಿಲಲ್ಲಿ ನಿಂತಂತೆ ಇದೂ ಬಹುಮಟ್ಟಿಗೆ ಪಂಚಾಯಿತಿ ಕಚೇರಿಯ ಬಾಗಿಲಲ್ಲಿ ನಿಂತಿತು. ಹಾಲಿನ ಸಹಕಾರ ಸಂಘಗಳು ಹಳ್ಳಿಹಳ್ಳಿಗೂ ಬೇರೂರಿರುವ ನಾಡಿನಲ್ಲಿ ಅಂತರಜಾಲದ ಸಹಕಾರ ಸಂಘದ ವಿಚಾರ ಹೆಚ್ಚಾಗಿ ಚರ್ಚೆಗೆ ಬಾರದಿರುವುದು ವಿಚಾರಾರ್ಹ.

ಸಿಂಹಾವಲೋಕನ

ಈ ಪ್ರಾಂತಗಳ ಅನುಭವದಿಂದ ಕೆಲವು ನಿರ್ಣಯಗಳು ತಾವಾಗಿಯೇ ಹೊರಡುತ್ತವೆ. ನಕ್ಷೆ ತಪ್ಪಿದ್ದರೆ ಹಣವೂ ತಪ್ಪು ದಾರಿ ಹಿಡಿಯುವುದು. ನಡುಹಾದಿಯನ್ನು ಸಾರ್ವಜನಿಕ ಹಣದಿಂದ ನಿರ್ಮಿಸಿ ಕೊನೆಯ ಮೈಲಿಯನ್ನು ಮಾರುಕಟ್ಟೆಯ ಔದಾರ್ಯಕ್ಕೆ ಬಿಟ್ಟ ಕಡೆ ತಂತು ಊರ ಮುಂದೆ ಹಾದುಹೋಯಿತು. ಪುರಸಭೆಗೋ ಸಹಕಾರ ಸಂಘಕ್ಕೋ ಹೊಣೆಯನ್ನು ಹೊರುವ ಸ್ವಾತಂತ್ರ್ಯವಿದ್ದ ಕಡೆ ಮನೆಯೊಳಕ್ಕೆ ಬಂದಿತು, ಕೆಲವೆಡೆ ಸಾಲದೊಡನೆ. ತಂತು ಬಂದ ಮೇಲೆಯೂ ಶುಲ್ಕ ತೆರಲಾರದವನಿಗೆ ಅದು ಇಲ್ಲದಂತೆಯೇ. 2024ರ ಸೆಪ್ಟೆಂಬರಿನಲ್ಲಿ ಹೆಲೀನ್ ಚಂಡಮಾರುತವು ಉತ್ತರ ಕ್ಯಾರೊಲಿನದ ಪಶ್ಚಿಮ ಭಾಗದ ಕಂಬ ತಂತುಗಳನ್ನು ಕೊಚ್ಚಿಕೊಂಡು ಹೋದಾಗ ಉಪಗ್ರಹ ಸಂಪರ್ಕವು ಆಪದ್ಬಂಧುವಾಯಿತು. ಆದರೆ ಆಪತ್ಕಾಲದ ಸಾಧನವನ್ನೇ ಹಳ್ಳಿಗಳ ಕಾಯಂ ವ್ಯವಸ್ಥೆಯನ್ನಾಗಿ ಮಾಡುವುದು ಮಿತವ್ಯಯವೋ ಅಥವಾ ಎರಡನೆಯ ದರ್ಜೆಯ ಪೌರತ್ವವೋ ಎಂಬ ವಿವಾದವು ಬೀಡ್ ನಿಧಿಯ ವಿನಿಯೋಗದಲ್ಲಿ ಈಗ ಎದ್ದು ನಿಂತಿದೆ. ರಾಜ್ಯಗಳು ಕೊಡುವ ಉತ್ತರವು ಒಂದೇ ಆಗಲಾರದು. ಹೊಣೆಗಾರನು ಯಾರೆಂಬುದನ್ನು ಮೊದಲೇ ಗೊತ್ತುಮಾಡಿಕೊಂಡ ರಾಜ್ಯದ ಉತ್ತರವೇ ಹೆಚ್ಚು ಕಾಲ ನಿಲ್ಲುವುದೆಂದು ವಿದ್ಯುದೀಕರಣದ ಕಾಲದಿಂದ ಬಂದ ಅನುಭವ ಸೂಚಿಸುತ್ತದೆ.